ಚಾರ್ ಸೂತಿನ ಬೋಲ್ಟು

ಕಲಬುರಗಿ ಕಡೆಯ ಇತಿಹಾಸ ಅಂದ ತಕ್ಷಣ ಬಹಮನಿ ಕೋಟೆ, ಮಳಖೇಡದ ರಾಷ್ಟ್ರಕೂಟರು, ಸನ್ನತಿಯ ಅಶೋಕನ ಶಾಸನ ನೆನಪಾಗುತ್ತೆ. ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದು ಬೇರೆಯದೇ ಒಂದು ವಿಷಯ. ಆಳಂದ, ಅಫಜಲಪುರ, ಜೇವರ್ಗಿಯ ಗ್ಯಾರೇಜುಗಳಲ್ಲಿ ಲಾರಿ ಇಂಜಿನ್ ಬಿಚ್ಚುವಾಗ ಮುರಿಯುವ ಬೋಲ್ಟುಗಳು! ನಗಬೇಡಿ, ಅದಕ್ಕೂ ಒಂದು ಇತಿಹಾಸ ಇದೆ :)

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರು. ಸ್ಕ್ರೂವಿನ ಚೂಡಿಯ ಕೋನ ಬ್ರಿಟಿಷರದ್ದು 55 ಡಿಗ್ರಿ, ಉಳಿದವರದ್ದು 60 ಡಿಗ್ರಿ ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತೂ ಬಿಟ್ಟಿದ್ದೆ. ಆ ಎರಡು ಸಂಖ್ಯೆಗಳಿಂದ ಒಬ್ಬ ಮನುಷ್ಯನ ಮೂರು ದಿನದ ದುಡಿಮೆ ಹಾಳಾಗಬಹುದು ಅಂತ ನನಗೆ ತಿಳಿದದ್ದು ಆಳಂದದಲ್ಲಿರುವ ನಮ್ಮ ಸೋದರಮಾವನ ಗ್ಯಾರೇಜಿನಲ್ಲಿ. ಮಾಮಾ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು 1978ರ ಹೊತ್ತಿಗೆ ಒಬ್ಬ ಉಸ್ತಾದರ ಕೈಕೆಳಗೆ ಪಾನಾ ತೊಳೆಯಲು ಸೇರಿದವರು.

ಮೊದಲು ಶಬ್ದಗಳ ಪರಿಚಯ ಮಾಡಿಕೊಡ್ತೀನಿ. ಬೆಂಗಳೂರು, ಮೈಸೂರು ಕಡೆಯವರಿಗೆ ಬೇಕಾಗಬಹುದು. ಸ್ಪ್ಯಾನರಿಗೆ ನಮ್ಮ ಕಡೆ ಪಾನಾ ಅಂತಾರೆ. ನಟ್ಟು ಬೋಲ್ಟಿನ ಮೇಲೆ ಸುತ್ತಿಕೊಂಡು ಹೋಗುವ ಗೆರೆಗೆ ಚೂಡಿ. ಇಂಚಿನ ಎಂಟನೇ ಒಂದು ಭಾಗಕ್ಕೆ ಸೂತ್. ಹಾಗಾಗಿ ಅರ್ಧ ಇಂಚಿನ ಬೋಲ್ಟು ಅಂದ್ರೆ ಚಾರ್ ಸೂತ್, ಇಂಚಿನ ಹದಿನಾರನೇ ಒಂಬತ್ತು ಭಾಗ ಅಂದ್ರೆ ಸಾಢೇಚಾರ್ ಸೂತ್. ಮಿಲಿಮೀಟರ್ ಪಾನಾಗಳಿಗೆ ಬರೀ ಅಂಕಿ ಸಾಕು. ದಸ್-ಗ್ಯಾರಾ, ಬಾರಾ-ತೇರಾ, ಅಠಾರಾ-ಉನ್ನೀಸ್. ಮನೆಯಲ್ಲಿ ಅಪ್ಪಟ ಕನ್ನಡ ಮಾತಾಡುವ ಹುಡುಗರೂ ಗ್ಯಾರೇಜಿಗೆ ಕಾಲಿಟ್ಟರೆ ಎಣಿಸೋದು ದಖನಿಯಲ್ಲೇ. ಒಂದೇ ಗ್ಯಾರೇಜಿನಲ್ಲಿ ಸೂತೂ ಇದೆ, ಮಿಲಿಮೀಟರೂ ಇದೆ. ಯಾಕೆ ಎರಡೂ ಇವೆ ಅನ್ನೋದೇ ಈ ಬರಹದ ಮೂಲ ಪ್ರಶ್ನೆ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯ ಬೋಲ್ಟಿಗೆ ಒಂದೊಂದು ಚೂಡಿ ಇತ್ತು. ಒಬ್ಬರ ಬೋಲ್ಟಿಗೆ ಇನ್ನೊಬ್ಬರ ನಟ್ಟು ಕೂರುತ್ತಿರಲಿಲ್ಲ. ಜೋಸೆಫ್ ವಿಟ್ವರ್ತ್ ಎಂಬ ಯಂತ್ರ ತಯಾರಕ ಬೇರೆ ಬೇರೆ ಕಾರ್ಖಾನೆಗಳಿಂದ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು 1841ರಲ್ಲಿ ಒಂದು ಪಟ್ಟಿ ಮುಂದಿಟ್ಟ. ಕೋನ 55 ಡಿಗ್ರಿ, ಚೂಡಿಯ ತುದಿ ಮತ್ತು ತಳ ದುಂಡಗೆ. ರೈಲ್ವೆಯವರು ಒಪ್ಪಿಕೊಂಡರು, ಬ್ರಿಟಿಷ್ ಸಾಮ್ರಾಜ್ಯವೆಲ್ಲ ಅದೇ ಆಯಿತು. ಅಮೆರಿಕದಲ್ಲಿ ವಿಲಿಯಂ ಸೆಲರ್ಸ್ ಎಂಬಾತ ಆ ದುಂಡನೆಯ ತುದಿ ಮಾಡೋದು ಸಾಮಾನ್ಯ ಕೆಲಸಗಾರನಿಗೆ ಕಷ್ಟ ಅಂತ ವಾದಿಸಿ, 1864ರಲ್ಲಿ ಫಿಲಡೆಲ್ಫಿಯಾದಲ್ಲಿ 60 ಡಿಗ್ರಿಯ, ಚಪ್ಪಟೆ ತುದಿಯ ಚೂಡಿ ಮಂಡಿಸಿದ. ಯುರೋಪಿನವರು 1898ರಲ್ಲಿ ಜೂರಿಕ್‌ನಲ್ಲಿ ಸೇರಿ ಮಿಲಿಮೀಟರ್ ಲೆಕ್ಕದ ಚೂಡಿಗೆ ಒಪ್ಪಿದರು.

ಇಲ್ಲಿ ಒಂದು ಮಜಾ ಇದೆ. ವಿಟ್ವರ್ತ್ ಮತ್ತು ಸೆಲರ್ಸ್ ಪಟ್ಟಿಗಳಲ್ಲಿ ಹೆಚ್ಚಿನ ಅಳತೆಗಳಿಗೆ ಇಂಚಿಗೆ ಇಷ್ಟು ಸುತ್ತು ಅನ್ನೋ ಲೆಕ್ಕ ಒಂದೇ. ಮೂರು ಸೂತಿಗೆ ಇಬ್ಬರದ್ದೂ 16, ಐದು ಸೂತಿಗೆ ಇಬ್ಬರದ್ದೂ 11. ಆದರೆ ಚಾರ್ ಸೂತಿಗೆ ಬ್ರಿಟಿಷರದ್ದು ಇಂಚಿಗೆ 12 ಸುತ್ತು, ಅಮೆರಿಕದ್ದು 13! ದಪ್ಪ ಒಂದೇ, ಕಣ್ಣಿಗೆ ಒಂದೇ ಥರ ಕಾಣುತ್ತೆ, ನಟ್ಟು ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತೆ, ಆಮೇಲೆ ಹಿಡಿದುಕೊಳ್ಳುತ್ತೆ. ತುಕ್ಕು ಇರಬೇಕು ಅಂತ ಹುಡುಗ ಪಾನಾಕ್ಕೆ ಪೈಪು ಸಿಕ್ಕಿಸಿ ತಿರುಗಿಸ್ತಾನೆ. ಠಕ್!

ಈಗ ನಮ್ಮ ಊರುಗಳಿಗೆ ಬರೋಣ. 1956ರವರೆಗೆ ಈ ಮೂರೂ ತಾಲ್ಲೂಕು ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 1932ರ ಜೂನ್‌ನಲ್ಲಿ 27 ಬಸ್ಸು, 166 ಜನ ನೌಕರರೊಂದಿಗೆ ಶುರುವಾಯಿತು. ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು, ಅಂದ್ರೆ ಬ್ರಿಟಿಷ್ ಚೂಡಿ. ಅತ್ತ ಆಳಂದದ ಪಶ್ಚಿಮಕ್ಕೆ ಸೊಲ್ಲಾಪುರ, ಅದು ಮುಂಬಯಿ ಪ್ರಾಂತ್ಯ. ಮುಂಬಯಿಯಲ್ಲಿ ಜನರಲ್ ಮೋಟಾರ್ಸ್ 1928ರಿಂದಲೇ ಅಮೆರಿಕದ ಗಾಡಿಗಳನ್ನು ಜೋಡಿಸ್ತಿತ್ತು, ಫೋರ್ಡ್ ಕೂಡ ಬಂದಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಹಳೆಯ ಲಾರಿಗಳು ದೇಶದ ತುಂಬ ಹರಾಜಾದವು. ಆಮೇಲೆ ಪ್ರೀಮಿಯರ್ ಕಂಪನಿಯ ಡಾಡ್ಜ್, ಫಾರ್ಗೊ ಬಂದವು. ಮಾಮಾನ ಉಸ್ತಾದರು ಕೈ ಕಲಿತದ್ದು ಇಂಥ ಡಾಡ್ಜ್, ಫಾರ್ಗೊಗಳ ಮೇಲೆ. 'ವಿಲಾಯತಿ ಚೂಡಿ', 'ಅಮ್ರಿಕಾ ಚೂಡಿ' ಅಂತ ಅವರು ಎರಡು ಬೇರೆ ಬೇರೆ ಡಬ್ಬಿ ಇಟ್ಟಿದ್ದರಂತೆ. ಡಬ್ಬಿ ಬೆರೆಸಿದ ಹುಡುಗನಿಗೆ ಆ ದಿನ ಚಹಾ ಇಲ್ಲ.

ನಮ್ಮ ಉಸ್ತಾದರ ತಲೆನೋವೇ ದೊಡ್ಡ ದೊಡ್ಡ ದೇಶಗಳಿಗೂ ಇತ್ತು ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಯುದ್ಧದ ಸಮಯದಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಇಂಜಿನ್ ತಯಾರಿಸಲು ಒಪ್ಪಿಕೊಂಡಾಗ, ಬ್ರಿಟಿಷ್ ಚೂಡಿ ಕೊರೆಯುವ ಉಪಕರಣಗಳನ್ನು ತಾನೇ ಮಾಡಿಕೊಳ್ಳಬೇಕಾಯಿತು. ಯುದ್ಧ ಮುಗಿದ ಮೇಲೆ, 1948ರ ನವೆಂಬರ್‌ನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ವಾಷಿಂಗ್ಟನ್‌ನಲ್ಲಿ ಕೂತು ಒಂದೇ ಚೂಡಿಗೆ ಸಹಿ ಹಾಕಿದವು. ಕೋನ 60 ಡಿಗ್ರಿ, ಚಾರ್ ಸೂತಿಗೆ 13 ಸುತ್ತು. ಅದಕ್ಕೆ ಎರಡು ತಿಂಗಳ ಹಿಂದೆ, ಸೆಪ್ಟೆಂಬರ್‌ನಲ್ಲಿ, ಪೊಲೀಸ್ ಕಾರ್ಯಾಚರಣೆ ಆಗಿ ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿತ್ತು. ಎರಡಕ್ಕೂ ಸಂಬಂಧ ಏನೂ ಇಲ್ಲ, ತಾರೀಖು ನೋಡಿದಾಗ ಕಣ್ಣಿಗೆ ಬಿತ್ತು ಅಷ್ಟೇ.

ಎರಡು ಚೂಡಿಯ ಜಗಳ ಹೀಗೆ ಕಾಗದದ ಮೇಲೆ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಮೂರನೆಯದು ಬಂತು. 1954ರಲ್ಲಿ ಟೆಲ್ಕೊ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಲು ಶುರುಮಾಡಿತು. ಟಾಟಾ ಮರ್ಸಿಡಿಸ್ ಬೆಂಜ್. ಪೂರ್ತಿ ಮಿಲಿಮೀಟರ್. ಗಮನಿಸಿ, ಭಾರತದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ, ಜಾರಿಗೆ ಬರತೊಡಗಿದ್ದು 1958ರ ಅಕ್ಟೋಬರ್‌ನಿಂದ. ಅಂಗಡಿಯಲ್ಲಿ ಸೇರು, ತೊಲ ನಡೀತಿದ್ದ ಕಾಲಕ್ಕೇ ಲಾರಿಯ ಬಾನೆಟ್ ಕೆಳಗೆ ಮಿಲಿಮೀಟರ್ ಬಂದು ಕೂತಿತ್ತು! ಇತ್ತ ಮದರಾಸಿನ ಎಣ್ಣೂರಿನಲ್ಲಿ ಅಶೋಕ್ ಮೋಟಾರ್ಸ್ ಬ್ರಿಟನ್ನಿನ ಲೇಲ್ಯಾಂಡ್ ಜೊತೆ ಸೇರಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅದರ ಕಾಮೆಟ್ ಲಾರಿ ಇಂಚಿನದ್ದು. 1969ರಲ್ಲಿ ಬೆಂಜ್ ಒಪ್ಪಂದ ಮುಗಿದು ಲಾರಿಯ ಮೂತಿಯ ಮೇಲಿನ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಒಳಗಿನ ಮಿಲಿಮೀಟರ್ ಮಾತ್ರ ಹಾಗೇ ಉಳಿಯಿತು. ಈಗಲೂ ನಮ್ಮ ಕಡೆ ಹಿರಿಯ ಡ್ರೈವರುಗಳು ಹಳೆಯ ಟಾಟಾ ಲಾರಿಗೆ 'ಬೆಂಜ್ ಗಾಡಿ' ಅನ್ನೋದು ಕೇಳಿದ್ದೀನಿ.

ಹಾಗಾಗಿ ಮಾಮಾ ಕೆಲಸಕ್ಕೆ ಸೇರಿದಾಗ ಒಂದೇ ಬೇವಿನ ಮರದ ಕೆಳಗೆ ಕಾಮೆಟ್, ಟಾಟಾ 1210, ಕೊನೆಯುಸಿರು ಎಳೀತಿದ್ದ ಫಾರ್ಗೊ ಮೂರೂ ನಿಂತಿರುತ್ತಿದ್ದವು. ಚಾರ್ ಸೂತ್ ಅಂದ್ರೆ 12.7 ಮಿಲಿಮೀಟರ್, ಟಾಟಾದ್ದು 12. ಅದು ಕೈಗೆ ತಿಳಿಯುತ್ತೆ. ಆದರೆ ಎರಡೂವರೆ ಸೂತಿನ ಬೋಲ್ಟು 7.94 ಮಿಲಿಮೀಟರ್, ಟಾಟಾದ ಎಂಟರದ್ದು 8. ಇದು ಕೈಗೂ ತಿಳಿಯಲ್ಲ ಕಣ್ಣಿಗೂ ತಿಳಿಯಲ್ಲ. ಚೂಡಿಯ ಅಂತರ ಮಾತ್ರ ಒಂದರದ್ದು 1.41, ಇನ್ನೊಂದರದ್ದು 1.25. ಪಾನಾದಲ್ಲೂ ಗೊಂದಲ ಇದೆ. ವಿಟ್ವರ್ತ್ ಪಾನಾದ ಮೇಲೆ ಬರೆದಿರೋದು ಬೋಲ್ಟಿನ ದಪ್ಪ, ಉಳಿದವುಗಳ ಮೇಲೆ ಬರೆದಿರೋದು ತಲೆಯ ಅಗಲ. ಅರ್ಧ ಇಂಚು ಅಂತ ಬರೆದ ಎರಡು ಪಾನಾ ಪಕ್ಕಪಕ್ಕ ಇಟ್ಟರೆ ಒಂದರ ಬಾಯಿ ಇನ್ನೊಂದರದ್ದಕ್ಕಿಂತ ಬಹಳ ದೊಡ್ಡದು. ಸರಿ ಇಲ್ಲದ ಪಾನಾ ಹಾಕಿ ಬೋಲ್ಟಿನ ತಲೆ ಸವೆಸೋದು, ಆಮೇಲೆ ಛೇಣಿ ಇಟ್ಟು ಹೊಡೆಯೋದು, ಆಮೇಲೆ ಮುರಿಯೋದು.

ಎಲ್ಲ ಬೋಲ್ಟೂ ಚೂಡಿಯ ಗೊಂದಲದಿಂದಲೇ ಮುರಿಯುತ್ತೆ ಅಂತಲ್ಲ. ಹೊಗೆ ಹೋಗುವ ಮ್ಯಾನಿಫೋಲ್ಡಿನ ಸ್ಟಡ್ಡುಗಳೇ ಹೆಚ್ಚು ಮುರಿಯೋದು. ತುಂಬಿದ ಲಾರಿ ಏರು ಹತ್ತುವಾಗ ಅಲ್ಲಿ ಹಾಯುವ ಹೊಗೆ 500 ಡಿಗ್ರಿ ಆಸುಪಾಸು, ರಾತ್ರಿ ನಿಂತರೆ ತಣ್ಣಗೆ. ದಿನಾ ಹಿಗ್ಗಿ ಕುಗ್ಗಿ ಸುಸ್ತಾಗಿರುತ್ತೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು, ಚೂಡಿಯ ಸಂದಿಯಲ್ಲಿ ಅದೇ ಬೆಣೆ ಹೊಡೆದ ಹಾಗೆ ಕೂತುಬಿಡುತ್ತೆ. ಇನ್ನೊಂದು ಕಾರಣ ಗುಜರಿ ಬೋಲ್ಟು. ಬೋಲ್ಟಿನ ತಲೆಯ ಮೇಲೆ 8.8 ಅಂತ ಇದ್ದರೆ ಅದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯುತ್ತೆ, ಅದರ ಶೇಕಡಾ 80ರವರೆಗೆ ಎಳೆದರೂ ಹಳೆಯ ಉದ್ದಕ್ಕೆ ವಾಪಸ್ ಬರುತ್ತೆ ಅಂತ ಅರ್ಥ. ಬೋಲ್ಟು ಅಂದ್ರೆ ಒಂದು ಗಟ್ಟಿ ಸ್ಪ್ರಿಂಗು. ಬಿಗಿದಾಗ ಕೂದಲೆಳೆಯಷ್ಟು ಉದ್ದ ಆಗಿ, ವಾಪಸ್ ಎಳೆಯುತ್ತಾ ಹೆಡ್ಡನ್ನು ಬ್ಲಾಕಿಗೆ ಒತ್ತಿ ಹಿಡಿದಿರುತ್ತೆ. ಅದರ ಜಾಗಕ್ಕೆ ತಲೆ ಮೇಲೆ ಏನೂ ಬರೆಯದ ಮೆತ್ತನೆ ಕಬ್ಬಿಣದ್ದು ಹಾಕಿ ಅಷ್ಟೇ ಬಿಗಿದರೆ ಅದು ಜಗ್ಗಿಹೋಗುತ್ತೆ. ಈ ವಿಷಯ ನಾನು ಪುಸ್ತಕದಲ್ಲಿ ಓದಿದ್ದೆ. ಮಾಮಾ ಬೋಲ್ಟನ್ನು ಕಲ್ಲಿನ ಮೇಲೆ ಬೀಳಿಸಿ ಸಪ್ಪಳ ಕೇಳಿ ಹೇಳ್ತಾರೆ.

ಮುರಿದ ಮೇಲೆ ಏನು? ತುಂಡು ಹೊರಗೆ ಉಳಿದಿದ್ದರೆ ಪುಣ್ಯ. ಚಿಮಣಿ ಎಣ್ಣಿ, ಡೀಸೆಲ್ ಹಾಕಿ ರಾತ್ರಿಯೆಲ್ಲ ಬಿಡೋದು. ಬೆಳಿಗ್ಗೆ ಸಣ್ಣ ಹತೋಡಿಯಿಂದ ತುದಿಗೆ ಹಗುರಕ್ಕೆ ಬಡಿಯೋದು, ತುಕ್ಕು ಬಿರುಕು ಬಿಡಲಿ ಅಂತ. ಬರದಿದ್ದರೆ ಗ್ಯಾಸಿನಿಂದ ಸುತ್ತಲಿನ ಭಾಗ ಕಾಯಿಸಿ ಮೇಣದಬತ್ತಿ ಮುಟ್ಟಿಸೋದು. ಕರಗಿದ ಮೇಣ ಸಂದಿಗೆ ಇಳಿಯುತ್ತೆ. ಅದಕ್ಕೂ ಬಗ್ಗದಿದ್ದರೆ ತುಂಡಿನ ಮೇಲೆ ಒಂದು ನಟ್ಟು ಇಟ್ಟು ಒಳಗಿನಿಂದ ವೆಲ್ಡ್ ಮಾಡೋದು. ಈ ಉಪಾಯ ನನಗೆ ಬಹಳ ಇಷ್ಟ. ವೆಲ್ಡಿಂಗಿನ ಕಾವಿಗೆ ಸ್ಟಡ್ಡು ಹಿಗ್ಗಿ ತುಕ್ಕನ್ನು ಜಜ್ಜುತ್ತೆ, ಆರಿದಾಗ ಕುಗ್ಗಿ ಸಡಿಲಾಗುತ್ತೆ, ಜೊತೆಗೆ ಪಾನಾ ಹಾಕಲು ಹೊಸ ತಲೆಯೂ ಸಿಕ್ಕಿತು! ಬ್ಲಾಕು ಬೀಡುಕಬ್ಬಿಣದ್ದು, ಸ್ಟಡ್ಡಿನ ಉಕ್ಕಿಗೆ ಹತ್ತಿದಷ್ಟು ಸುಲಭವಾಗಿ ಅದಕ್ಕೆ ವೆಲ್ಡು ಹತ್ತುವುದಿಲ್ಲ. ಕೈ ಪಳಗಿದವನಿಗೆ ಅದೇ ಅನುಕೂಲ.

ಬ್ಲಾಕಿನ ಮಟ್ಟಕ್ಕೇ ಮುರಿದಿದ್ದರೆ ಮಾತ್ರ ಗ್ಯಾರೇಜಿನಲ್ಲಿ ರೇಡಿಯೋ ಬಂದ್ ಆಗುತ್ತೆ. ನಡುವಿಗೆ ಸರಿಯಾಗಿ ಪಂಚ್ ಹೊಡೆದು, ಮೊದಲು 3 ಮಿಲಿಮೀಟರ್, ಆಮೇಲೆ 6, ಆಮೇಲೆ 8 ಅಂತ ಕೊರೆಯುತ್ತಾ ಹೋಗಬೇಕು. 12ರ ಬೋಲ್ಟಿನಲ್ಲಿ ಚೂಡಿಯ ತಳ ಇರೋದು 10ರ ಹತ್ತಿರ. ಅಂದ್ರೆ ಕೊನೆಗೆ ಉಳಿಯುವ ಸಿಪ್ಪೆ ಬೆರಳುಗುರಿಗಿಂತ ಸ್ವಲ್ಪ ದಪ್ಪ ಅಷ್ಟೇ, ಅದನ್ನು ಮೊನೆಯಿಂದ ಕೆದಕಿ ತೆಗೀಬೇಕು. ತೊಂದರೆ ಏನಂದ್ರೆ ಬೋಲ್ಟಿನ ಉಕ್ಕು ಗಟ್ಟಿ, ಸುತ್ತಲಿನ ಬೀಡು ಮೆತ್ತಗೆ. ಡ್ರಿಲ್ಲು ನೀರಿನ ಹಾಗೆ ಮೆತ್ತನೆಯ ಕಡೆಗೇ ಸರಿಯುತ್ತೆ. ಅರ್ಧ ಮಿಲಿಮೀಟರ್ ಆಚೀಚೆ ಆದರೆ ಬ್ಲಾಕಿನ ಚೂಡಿ ಹೋಯಿತು.

ಒಂದು ವರ್ಷ ಕಬ್ಬಿನ ಸೀಸನ್ನಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಅಫಜಲಪುರ ಕಡೆಯ ಒಂದೇ ಲಾರಿಯ ಮಾಲೀಕ, ಹವಳಗಾ ಕಾರ್ಖಾನೆಗೆ ಕಬ್ಬು ಹೊಡೆಯೋನು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು, ಬಿಚ್ಚುವಾಗ ಬ್ಲಾಕಿನಲ್ಲಿ ಒಂದು ಬೋಲ್ಟು ಮುರಿಯಿತು. ಕಡಿದ ಕಬ್ಬು ದಿನದಿಂದ ದಿನಕ್ಕೆ ತೂಕ ಕಳಕೊಳ್ಳುತ್ತೆ, ಹೊಲದವರು ಬೇರೆ ಗಾಡಿ ನೋಡಿಕೊಳ್ತೀವಿ ಅಂತ ಫೋನ್ ಮೇಲೆ ಫೋನ್. ಬ್ಯಾಂಕಿನ ಕಂತು ಬೇರೆ. ಅವನು ಇಂಜಿನ್ನಿನ ಹತ್ತಿರ ನಿಲ್ಲೋಕೆ ಆಗದೆ ರಸ್ತೆಯ ಆಚೆ ಹೋಗಿ ಕೂತಿದ್ದ. ನಾನು ಟಾರ್ಚ್ ಹಿಡಿದಿದ್ದೆ.

"ಮಾಮಾ, ಮಷೀನ್ ಜೋರ್ ಬಿಟ್ರ ಲಗೂ ಆಗಂಗಿಲ್ಲೇನು?" ಅಂದೆ.

"ಅಳ್ಯಾ, ಈಗ ತಪ್ಪಿದ್ರ ಬೋಲ್ಟ್ ಅಲ್ಲ, ಬ್ಲಾಕೇ ಹೋಗ್ತದ. ಬ್ಲಾಕ್ ಹೋದ್ರ ಅವನ ಗಾಡಿ ಹೋದಂಗೇ. ನೀ ಬೆಳಕು ಸರಿ ಹಿಡಿ."

ಮೂರು ತಾಸು ಹಿಡಿಯಿತು. ಕೊರೆಯೋದಕ್ಕಿಂತ ನಿಲ್ಲಿಸಿ, ಪುಡಿ ಊದಿ, ನೋಡಿ, ಎಣ್ಣೆ ಬಿಡೋದರಲ್ಲೇ ಹೆಚ್ಚು ಹೊತ್ತು ಹೋಯಿತು. ಟ್ಯಾಪ್ ಹಾಕುವಾಗಲೂ ಮುಂದಕ್ಕೆ ಒಂದು ಸುತ್ತು, ಹಿಂದಕ್ಕೆ ಅರ್ಧ ಸುತ್ತು. ಕೊನೆಗೆ ತೂತಿನ ತಳದಲ್ಲಿ ಒಂದು ಹನಿ ಎಣ್ಣೆಯೂ ಉಳಿಯದ ಹಾಗೆ ಬಟ್ಟೆ ಇಳಿಸಿ ಒರೆಸಿದರು. ಎಣ್ಣೆ ಉಳಿದರೆ ಬೋಲ್ಟು ಇಳಿದಾಗ ಅದಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಸೀಳಬಹುದು. ಮರುದಿನ ಮಧ್ಯಾಹ್ನಕ್ಕೆ ಲಾರಿ ಹೊಲದಲ್ಲಿತ್ತು.

ಒಳಗಿನ ಚೂಡಿಯೇ ಹಾಳಾದಾಗ ಮಾಡುವ ಕೆಲಸದಲ್ಲಿ ನನಗೆ ನಿಜವಾದ ಇತಿಹಾಸ ಕಾಣಿಸುತ್ತೆ. ಹಳೆಯ ಗ್ಯಾರೇಜುಗಳಲ್ಲಿ ಇದ್ದದ್ದು ಇಂಚಿನ ಟ್ಯಾಪುಗಳು. ಟಾಟಾ ಬ್ಲಾಕಿನ 10ರ ತೂತು ಹಾಳಾದರೆ ಅದನ್ನು ಹತ್ತೂವರೆಗೆ ಕೊರೆದು ಚಾರ್ ಸೂತ್ ಟ್ಯಾಪ್ ಹೊಡೀತಿದ್ದರು. 10ರ ಚೂಡಿ ಪೂರ್ತಿ ಅಳಿಸಿಹೋಗಿ ಹೊಸದು ಅಚ್ಚುಕಟ್ಟಾಗಿ ಕೂರುತ್ತೆ. 12ರದ್ದು ಹಾಳಾದರೆ ಸಾಢೇಚಾರ್ ಸೂತ್. ಲೆಕ್ಕ ಹಾಕಿ ನೋಡಿದೆ, ಅದೂ ಸರಿಯಾಗೇ ಇದೆ! ಆಮೇಲೆ ಲೇತಿನವನ ಹತ್ತಿರ ಹೋಗಿ ಕೆಳಗೆ ಇಂಚು, ಮೇಲೆ ಮಿಲಿಮೀಟರ್ ಚೂಡಿ ಇರುವ ಸ್ಟಡ್ಡು ಕಡೆಸೋದು. ಸ್ಟೆಪ್ ಸ್ಟಡ್ಡು ಅಂತಾರೆ. ಒಂದೇ ಕಬ್ಬಿಣದ ತುಂಡಿನ ಮೇಲೆ ಅರ್ಧ ಮ್ಯಾಂಚೆಸ್ಟರ್, ಅರ್ಧ ಜೂರಿಕ್. ಹಳೆಯ ಬ್ಲಾಕ್ ಬಿಚ್ಚಿದಾಗ ಯಾವ ತೂತಿಗೆ ಯಾವ ಚೂಡಿ ಅಂತ ನೋಡಿ ಮಾಮಾ ಹೇಳಿಬಿಡ್ತಾರೆ, "ಇದು ಜೇವರ್ಗಿ ಕೈ, ಇದು ಸೊಲ್ಲಾಪುರದ್ದು." ಹೇಗೆ ಅಂತ ಕೇಳಿದರೆ ನಗ್ತಾರೆ. ಜೇವರ್ಗಿಯದು ಹೆದ್ದಾರಿ ಕೆಲಸ, ಭೀಮಾ ನದಿ ಕಟ್ಟಿಸಂಗಾವಿ ಸೇತುವೆ ದಾಟಿ ವಿಜಯಪುರಕ್ಕೆ ಹೋಗುವ ಗಾಡಿಗಳಿಗೆ ರಸ್ತೆ ಪಕ್ಕ ಅವಸರದಲ್ಲಿ ಮಾಡಿದ್ದು. ಲೇತಿಗೆ ಹೋಗಲು ಪುರುಸೊತ್ತು ಇಲ್ಲದೆ ಹೆಡ್ಡಿನ ತೂತನ್ನೇ ದೊಡ್ಡದು ಮಾಡಿ ದಪ್ಪ ಬೋಲ್ಟು ಇಳಿಸಿರ್ತಾರೆ ಅನ್ನೋದು ಮಾಮಾನ ಆರೋಪ. ಜೇವರ್ಗಿಯವರು ಆಳಂದದವರ ಬಗ್ಗೆ ಏನಂತಾರೋ!

ಎಲ್ಲಕ್ಕಿಂತ ಕೆಟ್ಟದ್ದು ಟ್ಯಾಪೋ, ಬೋಲ್ಟು ಕೀಳುವ ಎಕ್ಸ್‌ಟ್ರಾಕ್ಟರೋ ಒಳಗೇ ಮುರಿಯೋದು. ಅದರ ಉಕ್ಕು ಡ್ರಿಲ್ಲಿನಷ್ಟೇ ಗಟ್ಟಿ, ಕೊರೆಯೋಕೆ ಆಗಲ್ಲ. ಮಾಮಾನ ಗ್ಯಾರೇಜಿನಲ್ಲಿ ಎಕ್ಸ್‌ಟ್ರಾಕ್ಟರಿಗೆ ಪ್ರವೇಶವೇ ಇಲ್ಲ. ಆದರೆ ಈ ಸಮಸ್ಯೆಯಿಂದಲೇ ಒಂದು ದೊಡ್ಡ ಯಂತ್ರ ಹುಟ್ಟಿದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಸ್ಟಾರ್ಕ್, ಹಾರ್ಡಿಂಗ್, ಬೀವರ್ ಎಂಬ ಮೂವರು ಅಲ್ಯೂಮಿನಿಯಂ ಭಾಗಗಳ ಒಳಗೆ ಮುರಿದ ಟ್ಯಾಪು, ಡ್ರಿಲ್ಲುಗಳನ್ನು ವಿದ್ಯುತ್ ಕಿಡಿಯಿಂದ ಸುಟ್ಟು ತೆಗೆಯುವ ಯಂತ್ರ ಮಾಡಿದರು. ಹೆಚ್ಚುಕಡಿಮೆ ಅದೇ ಸಮಯಕ್ಕೆ, 1943ರಲ್ಲಿ, ಸೋವಿಯತ್ ದೇಶದಲ್ಲಿ ಲಜರೆಂಕೊ ದಂಪತಿ ಕಿಡಿಯಿಂದ ಲೋಹ ಕೆತ್ತುವ ವಿಧಾನ ಕಂಡುಹಿಡಿದರು. ಇವತ್ತು ಅಚ್ಚು ತಯಾರಿಸುವ ಕಾರ್ಖಾನೆಗಳಲ್ಲೆಲ್ಲ ಇರುವ ಸ್ಪಾರ್ಕ್ ಯಂತ್ರದ ಅಜ್ಜಂದಿರು ಇವೇ. ಕಾಲೇಜಿನಲ್ಲಿ ಆ ಯಂತ್ರದ ಚಿತ್ರ ಬಿಡಿಸಿ ಹತ್ತು ಅಂಕ ಪಡೆದಿದ್ದೆ. ಮುರಿದ ಟ್ಯಾಪಿನ ಕಥೆಯನ್ನು ಮಾತ್ರ ಯಾರೂ ಹೇಳಲಿಲ್ಲ. ಹೇಳಿದ್ದರೆ ನಿದ್ದೆ ಬರ್ತಿರಲಿಲ್ಲ.

ಉಳಿದ ಭಾಗಗಳ ರಿಪೇರಿ ಬಗ್ಗೆ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತೆ. ಸವೆದ ಕ್ರ್ಯಾಂಕನ್ನು 'ದಸ್ ಥೌ, ಬೀಸ್ ಥೌ' ಉಜ್ಜಿಸೋದು, ಬೋರಿಗೆ ಹೊಸ ಸ್ಲೀವ್ ಹಾಕಿಸೋದು. ದಸ್ ಥೌ ಅಂದ್ರೆ ಇಂಚಿನ ಸಾವಿರದಲ್ಲಿ ಹತ್ತು, 0.25 ಮಿಲಿಮೀಟರ್. ಟಾಟಾದ 697 ಇಂಜಿನ್ನಿನ ಬೋರು 97 ಮಿಲಿಮೀಟರ್, ಪಕ್ಕಾ ಜರ್ಮನ್ ಅಳತೆ. ಅದರ ಸವೆತವನ್ನು ನಮ್ಮವರು ಲೆಕ್ಕ ಹಾಕೋದು ಮಾತ್ರ ಬ್ರಿಟಿಷ್ ಇಂಚಿನಲ್ಲಿ, ಎಣಿಸೋದು ದಖನಿಯಲ್ಲಿ, ಬೈಯೋದು ಕನ್ನಡದಲ್ಲಿ.

ಈಗ ಕೆಲಸ ಬದಲಾಗಿದೆ. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲಿನ ಲಾರಿಗಳು ಹೆಚ್ಚಾಗಿ ಕಂಪನಿಯ ಸರ್ವೀಸಿಗೇ ಹೋಗ್ತವೆ. ಹೊಸ ಇಂಜಿನ್ನುಗಳಲ್ಲಿ ಹೆಡ್ ಬೋಲ್ಟನ್ನು ಇಷ್ಟು ಡಿಗ್ರಿ ಅಂತ ಕೋನ ಅಳೆದು ಬಿಗಿಯೋದು ಸಾಮಾನ್ಯ. ಎಷ್ಟೋ ಇಂಜಿನ್ನುಗಳಲ್ಲಿ ಒಮ್ಮೆ ಬಿಚ್ಚಿದ ಬೋಲ್ಟನ್ನು ಮತ್ತೆ ಹಾಕುವ ಹಾಗೇ ಇಲ್ಲ. ಮಾಮಾನ ಹತ್ತಿರ ಬರೋದು ಹಳೆಯ ಗಾಡಿಗಳು, ಟ್ರ್ಯಾಕ್ಟರುಗಳು. ಉಸ್ತಾದರ 'ವಿಲಾಯತಿ ಚೂಡಿ' ಡಬ್ಬಿ ಇನ್ನೂ ಮೇಲಿನ ಹಲಗೆಯ ಮೇಲಿದೆ. ಹೋದ ಸಲ ನಾನು ಅದನ್ನು ಇಳಿಸಿ, ಚೂಡಿ ಅಳೆಯುವ ಗೇಜ್ ಹಿಡಿದು ಕೂತು ಒಂದೊಂದಾಗಿ ನೋಡಿದೆ. 41 ಬೋಲ್ಟು, ಅದರಲ್ಲಿ ಚಾರ್ ಸೂತಿನವು ಒಂಬತ್ತು. ಎಂಟಕ್ಕೆ 12ರ ಗೇಜ್ ಕೂತಿತು, ಒಂದಕ್ಕೆ 13ರದ್ದು. ಮಾಮಾಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿ, ಎದ್ದು ಹೋಗಿ ಇನ್ನೊಂದು ಡಬ್ಬಿಗೆ ಹಾಕಿ ಬಂದರು.

ನಿಮ್ಮ ಊರಿನ ಗ್ಯಾರೇಜಿನಲ್ಲಿ ಚೂಡಿಗೆ, ಸೂತಿಗೆ ಏನಂತಾರೆ? ಮಂಗಳೂರು, ಹುಬ್ಬಳ್ಳಿ, ಚಿತ್ರದುರ್ಗದವರು ಹೇಳಿ. ಪಟ್ಟಿ ಮಾಡ್ತಿದ್ದೀನಿ.